ಕಾಣದ ಗಿರಾಕಿಯ ನಂಬಿಕೆ: ಹೊನ್ನಾವರ, ಭಟ್ಕಳ, ಕುಮಟಾ ಬಂದರುಗಳ ಚರಿತ್ರೆಯಿಂದ

ಭಟ್ಕಳದ ಮನೆಗಳಲ್ಲಿ ಇತ್ತೀಚಿನ ವರ್ಷಗಳಲ್ಲಿ ಹೊಸದೊಂದು ವ್ಯಾಪಾರ ತಲೆಯೆತ್ತಿದೆ. ಗಲ್ಫ್ ರಾಷ್ಟ್ರಗಳಿಂದ ಮರಳಿದ ಯುವಕರು, ಪದವಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ಅಮೆಝಾನ್, ಫ್ಲಿಪ್‌ಕಾರ್ಟ್, ಮೀಶೋಗಳಲ್ಲಿ ಮಾರಾಟಗಾರರಾಗಿ ಹೆಸರು ನೋಂದಾಯಿಸುತ್ತಿದ್ದಾರೆ. ಬುರ್ಖಾ, ಮಕ್ಕಳ ಉಡುಪು, ಅತ್ತರು, ಮನೆಯಲ್ಲೇ ಕುಟ್ಟಿದ ಮಸಾಲೆ ಹೀಗೆ ಸರಕುಗಳು ಬೇರೆ ಬೇರೆ. ಆದರೆ ಅವರೆಲ್ಲರೂ ಕೇಳುವ ಪ್ರಶ್ನೆ ಒಂದೇ. ನಮ್ಮ ಮುಖ ಕಾಣದ, ಸರಕನ್ನು ಕೈಯಿಂದ ಮುಟ್ಟಿ ನೋಡದ ಗಿರಾಕಿಯು ನಮ್ಮನ್ನು ನಂಬುವುದಾದರೂ ಹೇಗೆ?

ಈ ಪ್ರಶ್ನೆ ಹೊಸದೆಂದು ಅವರು ಭಾವಿಸಿದ್ದಾರೆ. ನಮ್ಮ ಕರಾವಳಿಯ ಮಟ್ಟಿಗೆ ಇದು ಬಹಳ ಹಳೆಯ ಪ್ರಶ್ನೆ. ಕಾಣದ ಗಿರಾಕಿಗೆ ಸರಕು ಕಳುಹಿಸಿಯೇ ಈ ಊರುಗಳು ಬದುಕಿದವು.

1342ರ ಸುಮಾರಿಗೆ ಮೊರೊಕ್ಕೊದ ಪ್ರವಾಸಿ ಇಬ್ನ್ ಬತೂತಾ ಹೊನ್ನಾವರಕ್ಕೆ ಬಂದಿದ್ದರು. ಆಗ ಅಲ್ಲಿ ಜಮಾಲುದ್ದೀನ್ ಮುಹಮ್ಮದ್ ಬಿನ್ ಹಸನ್ ಎಂಬ ಸುಲ್ತಾನರ ಆಳ್ವಿಕೆಯಿತ್ತು. ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಪಾಠಶಾಲೆಗಳನ್ನು ಕಂಡುದಾಗಿಯೂ, ಅಲ್ಲಿನ ಸ್ತ್ರೀಯರು ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದ್ದರೆಂದೂ ಅವರು ಬರೆದಿದ್ದಾರೆ. ಈ ಮಾತನ್ನು ನಮ್ಮ ಸಭೆಗಳಲ್ಲಿ ಅಭಿಮಾನದಿಂದ ಹೇಳಿಕೊಳ್ಳುತ್ತೇವೆ. ಆದರೆ ಅದೇ ಬರಹದಲ್ಲಿರುವ ಇನ್ನೊಂದು ಸಂಗತಿಯನ್ನು ಯಾರೂ ಎತ್ತುವುದಿಲ್ಲ. ಇಲ್ಲಿನ ಜನರಿಗೆ ಬೇಸಾಯದ ಭೂಮಿಯಿಲ್ಲ, ಸಮುದ್ರ ವ್ಯಾಪಾರವೇ ಅವರ ಜೀವನೋಪಾಯ ಎಂದು ಅವರು ಗುರುತಿಸಿದ್ದರು. ಹೊಲವಿಲ್ಲದವನಿಗೆ ಹೆಸರೇ ಆಸ್ತಿ. ಮಳೆಗಾಲಕ್ಕೆ ಮುನ್ನ ಹಡಗಿನಲ್ಲಿ ಕಳುಹಿಸಿದ ಮೂಟೆಯು ಏಡನ್‌ನಲ್ಲಿಯೋ ಹುರ್ಮುಝ್‌ನಲ್ಲಿಯೋ ಬಿಚ್ಚಲ್ಪಡುವಾಗ ಅದನ್ನು ಕಟ್ಟಿದವನು ಅಲ್ಲಿ ಇರುವುದಿಲ್ಲ. ಅವನ ಪರವಾಗಿ ಮಾತನಾಡಲು ಅಲ್ಲಿ ಇರುವುದು ಮೂಟೆಯೊಳಗಿನ ಸರಕು, ಜೊತೆಗೆ ಒಂದು ಪತ್ರ.

ಅಂತಹ ಪತ್ರಗಳು ಹೇಗಿದ್ದವು ಎಂಬುದು ನಮ್ಮ ದಕ್ಷಿಣದ ನೆರೆಯೂರು ಮಂಗಳೂರಿನ ನಿದರ್ಶನದಿಂದ ತಿಳಿಯುತ್ತದೆ. ಟ್ಯುನೀಷಿಯಾ ಮೂಲದ ಅಬ್ರಹಾಂ ಬಿನ್ ಯಿಜು ಎಂಬ ಯಹೂದಿ ವ್ಯಾಪಾರಿಯು 12ನೆಯ ಶತಮಾನದಲ್ಲಿ, 1132ರ ಸುಮಾರಿನಿಂದ 1149ರವರೆಗೆ, ಮುಖ್ಯವಾಗಿ ಮಂಗಳೂರಿನಲ್ಲಿ ನೆಲೆಸಿದ್ದನು. ಏಡನ್‌ನ ಪಾಲುದಾರರು ಅವನಿಗೆ ಬರೆದ ಅರಬಿ ಭಾಷೆಯ, ಹೀಬ್ರೂ ಲಿಪಿಯ ಪತ್ರಗಳು ಕೈರೋದ ಯಹೂದಿ ಮಂದಿರವೊಂದರ ಕೋಣೆಯಲ್ಲಿ ಶತಮಾನಗಳ ಕಾಲ ಉಳಿದುಕೊಂಡವು. ಮೆಣಸು, ಕಬ್ಬಿಣ, ಅಡಿಕೆ, ಏಲಕ್ಕಿ ಎಷ್ಟು ತೂಕ ತಲುಪಿತು, ಯಾವ ನಾಖುದಾನ ಹಡಗಿನಲ್ಲಿ ಬಂತು, ಎಷ್ಟಕ್ಕೆ ಮಾರಾಟವಾಯಿತು, ಯಾವುದು ಸಮುದ್ರದ ಪಾಲಾಯಿತು ಎಂಬುದೆಲ್ಲ ಅವುಗಳಲ್ಲಿ ದಾಖಲಾಗಿದೆ. (ನಾಖುದಾ ಎಂಬ ಹೆಸರು ನಮ್ಮ ಕರಾವಳಿಯಲ್ಲಿ ಇಂದಿಗೂ ಜೀವಂತವಾಗಿದೆ.) ಈ ಪತ್ರಗಳಲ್ಲಿ ಒಂದು ದೀರ್ಘ ತಗಾದೆಯೂ ಇದೆ. ಏಲಕ್ಕಿಗೆಂದು ಮುಂಗಡ ಹಣ ಪಡೆದ ಸ್ಥಳೀಯ ದಲ್ಲಾಳಿಯೊಬ್ಬನು ಸರಕು ಕೊಡಲಿಲ್ಲ. ಏಡನ್‌ನ ಪಾಲುದಾರರ ಬಳಿ ಅವನನ್ನು ಬಂಧಿಸಲು ಪೊಲೀಸರೂ ಇರಲಿಲ್ಲ, ಕೋರ್ಟೂ ಇರಲಿಲ್ಲ. ಅವನ ಹೆಸರು ವ್ಯಾಪಾರಿಗಳ ನಡುವೆ ಕೆಡುತ್ತದೆಂದು ಹೆದರಿಸುವುದು ಅವರಿಗೆ ತೋಚಿದ ಉಪಾಯವಾಗಿತ್ತು. ಇಂದು ಒಂದು ನಕ್ಷತ್ರ ಕೊಟ್ಟು ನಾಲ್ಕು ಸಾಲು ಬರೆಯುವ ಗಿರಾಕಿಯು ಮಾಡುವುದು ಇದನ್ನೇ.

ಕಾಣದ ಸರಕಿನ ಮಾರಾಟದ ಬಗ್ಗೆ ಶರೀಅತ್ ಏನೆನ್ನುತ್ತದೆ ಎಂಬುದನ್ನು ಇಲ್ಲಿಯೇ ನೋಡಬೇಕು. ನಮ್ಮ ಕರಾವಳಿಯ ನವಾಯತರು ಶಾಫಿಈ ಮದ್‌ಹಬ್‌ನವರು. ಹೊನ್ನಾವರದವರು ಶಾಫಿಈಗಳೆಂದು ಇಬ್ನ್ ಬತೂತಾ ಕೂಡ ಬರೆದಿದ್ದಾರೆ. ಘಟ್ಟದ ಮೇಲಿನ ನಮ್ಮ ಸಹೋದರರು ಹೆಚ್ಚಾಗಿ ಹನಫಿಗಳು. ಕಣ್ಣಿಗೆ ಕಾಣದ ನಿರ್ದಿಷ್ಟ ವಸ್ತುವೊಂದನ್ನು ಮಾರಬಹುದು, ನೋಡಿದ ಬಳಿಕ ಬೇಡವೆನ್ನುವ ಹಕ್ಕು ಕೊಂಡವನಿಗಿದೆ ಎಂದು ಹನಫಿ ವಿದ್ವಾಂಸರು ಹೇಳುತ್ತಾರೆ. ಶಾಫಿಈ ಮದ್‌ಹಬ್‌ನ ಪ್ರಬಲ ಅಭಿಪ್ರಾಯದಲ್ಲಿ ಅಂತಹ ಮಾರಾಟ ಸಿಂಧುವಲ್ಲ. ಹಾಗಾದರೆ ಶಾಫಿಈಗಳಾದ ಸಮುದ್ರ ವ್ಯಾಪಾರಿಗಳಿಗೆ ದಾರಿ ಯಾವುದು? ಅದಕ್ಕೆ ಸಲಮ್ ಎಂಬ ಕರಾರಿದೆ. ಪ್ರವಾದಿವರ್ಯರು(ಸ) ಮದೀನಾಕ್ಕೆ ಬಂದಾಗ ಅಲ್ಲಿನ ಜನರು ಖರ್ಜೂರಕ್ಕೆ ಒಂದೆರಡು ವರ್ಷ ಮುಂಚಿತವಾಗಿಯೇ ಹಣ ಕೊಡುತ್ತಿದ್ದರು. ಪ್ರವಾದಿಯವರು(ಸ) ಅದನ್ನು ನಿಷೇಧಿಸಲಿಲ್ಲ. ಅಳತೆ, ತೂಕ, ಅವಧಿ ಮೂರೂ ನಿಶ್ಚಿತವಾಗಿರಬೇಕೆಂದು ಆದೇಶಿಸಿದರು. ಇಬ್ನ್ ಅಬ್ಬಾಸ್(ರ) ವರದಿ ಮಾಡಿರುವ ಈ ಹದೀಸ್ ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲೂ ಇದೆ. ಅಂದರೆ ಇಲ್ಲಿ ಮಾರಾಟವಾಗುವುದು ವರ್ಣನೆ. ವರ್ಣನೆಯಲ್ಲಿ ಅಸ್ಪಷ್ಟತೆ ಇದ್ದರೆ ಕರಾರೇ ಕೆಡುತ್ತದೆ. ಮೊಬೈಲ್ ಪರದೆಯ ಮೇಲೆ ಬಟ್ಟೆಯ ಅಳತೆ, ನೂಲು, ಬಣ್ಣ, ತಲುಪುವ ದಿನ ಬರೆದು ಮುಂಗಡ ಹಣ ಪಡೆಯುವವರಿಗೆ ಈ ಅಧ್ಯಾಯವು ಬಹಳ ಹತ್ತಿರದ್ದು. ಸರಕು ಬಾಗಿಲಿಗೆ ಬಂದ ಮೇಲೆ ಹಣ ಕೊಡುವ ವ್ಯವಹಾರದ ವಿಧಿ ಬೇರೆ, ಏಕೆಂದರೆ ಸಲಮ್‌ನಲ್ಲಿ ಹಣವನ್ನು ಕರಾರಿನ ಸ್ಥಳದಲ್ಲೇ ಕೊಡಬೇಕು. ಅದನ್ನು ತಮ್ಮ ಊರಿನ ಉಲಮಾಗಳಲ್ಲಿ ಕೇಳಿ ತಿಳಿದುಕೊಳ್ಳುವುದು ಲೇಸು.

ವರ್ಣನೆ ಸ್ಪಷ್ಟವಾಗಿರಲು ಸರಕಿಗೆ ದರ್ಜೆ ಬೇಕು, ಕಟ್ಟಿಗೆ ಒಂದೇ ಅಳತೆ ಬೇಕು. 16ನೆಯ ಶತಮಾನದ ಆರಂಭದಲ್ಲಿ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಭಟ್ಕಳದಿಂದ ಅಕ್ಕಿ, ಸಕ್ಕರೆ, ಕಬ್ಬಿಣ ಹೊರಹೋಗುತ್ತಿದ್ದುದನ್ನೂ, ಹುರ್ಮುಝ್‌ನಿಂದ ಕುದುರೆಗಳು ಬಂದಿಳಿಯುತ್ತಿದ್ದುದನ್ನೂ ವಿವರಿಸಿದ್ದಾನೆ. ಈ ಸೀಮೆಯ ಅಕ್ಕಿಯಲ್ಲಿ ನಾಲ್ಕು ಬಗೆಗಳಿದ್ದವು, ಒಂದೊಂದಕ್ಕೂ ಬೇರೆ ಹೆಸರು, ಬೇರೆ ಬೆಲೆ ಇತ್ತೆಂದು ಅವನು ಬರೆಯುತ್ತಾನೆ. ಅಕ್ಕಿಯನ್ನು ಒಣಹುಲ್ಲಿನಲ್ಲಿ ಸುತ್ತಿ ಗುಂಡಗೆ ಬಿಗಿದು ಕಟ್ಟುವ ನಮ್ಮ ಕರಾವಳಿಯ ಮುಡಿಯನ್ನು ಹಿರಿಯರು ಈಗಲೂ ನೆನೆಯುತ್ತಾರೆ. ದಕ್ಷಿಣ ಕನ್ನಡದಲ್ಲಿ ಒಂದು ಮುಡಿಯೆಂದರೆ 42 ಸೇರು. ಮುಡಿ ಬಿಚ್ಚದೆಯೇ ಎಣಿಸಿ ಹಡಗಿಗೆ ತುಂಬಬಹುದಿತ್ತು. ಬಿಚ್ಚದೆ ಎಣಿಸುವುದೆಂದರೆ ಒಳಗಿನದನ್ನು ನಂಬುವುದು. ಮುಡಿ ಕಟ್ಟುವ ಕೈಗಳ ಮೇಲೆ ಎಷ್ಟು ಭಾರವಿತ್ತೆಂದು ಯೋಚಿಸಿ.

ಈಗ ಕುಮಟಾಕ್ಕೆ ಬರೋಣ. ಈ ಊರಿನ ಕಥೆಯನ್ನು ನಾನು ಹೆಚ್ಚು ವಿಸ್ತಾರವಾಗಿ ಹೇಳಬಯಸುತ್ತೇನೆ, ಏಕೆಂದರೆ ನಮ್ಮ ಮಕ್ಕಳಿಗೆ ಇದನ್ನು ಯಾರೂ ಹೇಳುತ್ತಿಲ್ಲ. 19ನೆಯ ಶತಮಾನದಲ್ಲಿ ಇಂಗ್ಲೆಂಡಿನ ಲಿವರ್‌ಪೂಲ್ ಮಾರುಕಟ್ಟೆಯ ದರಪಟ್ಟಿಗಳಲ್ಲಿ ಕುಮಟಾ ಎಂಬ ಹೆಸರು ಅಚ್ಚಾಗುತ್ತಿತ್ತು. ಅದು ಹತ್ತಿಯ ಹೆಸರು. ಕುಮಟಾದಲ್ಲಿ ಹತ್ತಿ ಬೆಳೆಯುವುದಿಲ್ಲ. ಧಾರವಾಡ ಸೀಮೆಯ ಕಪ್ಪು ನೆಲದಲ್ಲಿ ಬೆಳೆದ ಹತ್ತಿಯು ಎತ್ತುಗಳ ಬೆನ್ನಮೇಲೆ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬೈಗೆ, ಮುಂಬೈಯಿಂದ ಇಂಗ್ಲೆಂಡಿಗೆ ಸಾಗುತ್ತಿತ್ತು. ಬೆಳೆದ ನೆಲದ ಹೆಸರು ಹಿಂದೆ ಸರಿದು, ಸಾಗಿಸಿದ ಬಂದರಿನ ಹೆಸರು ಸರಕಿಗೆ ಅಂಟಿಕೊಂಡಿತು. ಬೆಳೆದ ರೈತನನ್ನೂ ತಂದ ದಲ್ಲಾಳಿಯನ್ನೂ ಅರಿಯದ ಗಿರಣಿ ಮಾಲೀಕನು ಆ ಒಂದು ಹೆಸರನ್ನು ನಂಬಿ ಹಣ ಕೊಡಬೇಕಾಗಿತ್ತು.

ನಂಬಿಕೆ ಉಳಿಯಿತೇ? ಇಲ್ಲ. 1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿನ ಹತ್ತಿ ಇಂಗ್ಲೆಂಡಿಗೆ ಬಾರದಾದಾಗ ಭಾರತದ ಹತ್ತಿಯ ಬೆಲೆ ಆಕಾಶಕ್ಕೇರಿತು. ಹತ್ತಿ ಸಾಗಣೆಯ ಹಿತವೂ ಸೇರಿ 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದ್ರಾಸಿನಿಂದ ಬೇರ್ಪಡಿಸಿ ಮುಂಬೈ ಪ್ರಾಂತ್ಯಕ್ಕೆ ಸೇರಿಸಲಾಯಿತು. ಬೆಲೆ ಏರಿದಂತೆ ಕಲಬೆರಕೆಯೂ ಏರಿತು. ಪಶ್ಚಿಮ ಭಾರತದ ಹತ್ತಿಯ ಮೂಟೆಗಳಲ್ಲಿ ಬೀಜ, ಎಲೆಯ ಚೂರು, ಮಣ್ಣು ಸಿಗುತ್ತಿದ್ದವು. ಒಳ್ಳೆಯ ಹತ್ತಿಗೆ ಕೀಳು ಹತ್ತಿ ಬೆರೆಯುತ್ತಿತ್ತು. ತೂಕ ಹೆಚ್ಚಲೆಂದು ನೀರು ಚಿಮುಕಿಸಲಾಗುತ್ತಿತ್ತು. ಲಂಕಾಶೈರ್‌ನ ಕಾರ್ಮಿಕರು ಭಾರತದ ಹತ್ತಿಯನ್ನೆಲ್ಲ ಸೂರತ್ ಎಂದು ಕರೆಯುತ್ತಿದ್ದರು. ಕೊನೆಗೆ ಆ ಪದವೇ ಕೆಟ್ಟ ಮಾಲಿಗೆ ಪರ್ಯಾಯವಾಯಿತು. ಪ್ರಾಮಾಣಿಕವಾಗಿ ಮೂಟೆ ಕಟ್ಟಿದವರೂ ಇದ್ದೇ ಇದ್ದರು. ಅವರ ಸರಕಿಗೂ ಅದೇ ಕಳಂಕ ತಟ್ಟಿತು. ಕಲಬೆರಕೆ ತಡೆಯಲು ಮುಂಬೈ ಸರಕಾರ 1829ರಲ್ಲೇ ಒಂದು ಕಾಯಿದೆ ಮಾಡಿತ್ತು, 1863ರಲ್ಲಿ ಇನ್ನೊಂದನ್ನು ಮಾಡಿತು. ಒಂದು ಕಾಯಿದೆಯಿಂದ ಕೆಲಸವಾಗಿದ್ದರೆ ಎರಡನೆಯದು ಬೇಕಾಗುತ್ತಿರಲಿಲ್ಲ.

ಒದ್ದೆ ಹತ್ತಿಯ ಈ ಪ್ರಸಂಗವನ್ನು ಓದುವಾಗ ಮದೀನಾದ ಸಂತೆ ನೆನಪಾಗದಿರದು. ಪ್ರವಾದಿವರ್ಯರು(ಸ) ಧಾನ್ಯದ ರಾಶಿಯೊಂದರೊಳಗೆ ಕೈ ಹಾಕಿದಾಗ ಬೆರಳುಗಳಿಗೆ ತೇವ ತಾಗಿತು. ಇದೇನೆಂದು ಕೇಳಿದರು. ಮಳೆಗೆ ನೆನೆಯಿತೆಂದು ವ್ಯಾಪಾರಿ ಹೇಳಿದನು. ಜನರಿಗೆ ಕಾಣುವಂತೆ ನೆನೆದದ್ದನ್ನು ಮೇಲೇಕೆ ಇಡಲಿಲ್ಲವೆಂದು ಪ್ರವಾದಿಯವರು(ಸ) ಪ್ರಶ್ನಿಸಿ, ವಂಚಿಸುವವನು ನಮ್ಮವನಲ್ಲವೆಂದು ಎಚ್ಚರಿಸಿದರು. ಸಹೀಹ್ ಮುಸ್ಲಿಮ್‌ನಲ್ಲಿರುವ ಈ ಹದೀಸನ್ನು ಸಾಮಾನ್ಯವಾಗಿ ಕೊನೆಯ ಮಾತಿಗಾಗಿ ಉದ್ಧರಿಸುತ್ತಾರೆ. ನನಗೆ ಅದರ ನಡುವಿನ ಪ್ರಶ್ನೆ ಹೆಚ್ಚು ಮುಖ್ಯವೆನಿಸುತ್ತದೆ. ಮಳೆ ಸುರಿದದ್ದು ವ್ಯಾಪಾರಿಯ ತಪ್ಪಲ್ಲ. ನೆನೆದ ಧಾನ್ಯವನ್ನು ಮಾರಬೇಡವೆಂದೂ ಅವನಿಗೆ ಹೇಳಲಿಲ್ಲ. ಅದನ್ನು ಅಡಿಯಲ್ಲಿ ಇಟ್ಟದ್ದು ತಪ್ಪಾಯಿತು. ಇಂದು ರಾಶಿಯ ಮೇಲ್ಭಾಗವೆಂದರೆ ಮೊದಲನೆಯ ಚಿತ್ರ. ಬಟ್ಟೆಯ ಅಂಚಿನಲ್ಲಿ ಬಣ್ಣ ಮಾಸಿದ್ದರೆ ಅದರ ಚಿತ್ರವನ್ನು ಮೊದಲಲ್ಲೇ ಹಾಕಿ, ಬೆಲೆ ಇಳಿಸಿ ಮಾರಲು ಅಡ್ಡಿಯಿಲ್ಲ. ಇಮಾಮ್ ಅಬೂ ಹನೀಫಾ(ರಹ್) ಕೂಫಾದಲ್ಲಿ ಬಟ್ಟೆ ವ್ಯಾಪಾರಿಯಾಗಿದ್ದರು. ದೋಷವಿರುವ ಬಟ್ಟೆಯನ್ನು ಹೇಳಿಯೇ ಮಾರಬೇಕೆಂದು ಅವರು ತಿಳಿಸಿದ್ದರೂ ಅವರ ಪಾಲುದಾರ ಹಫ್ಸ್ ಮರೆತು ಮಾರಿಬಿಟ್ಟರು, ಕೊಂಡವರು ಯಾರೆಂದು ತಿಳಿಯಲಿಲ್ಲ. ಆಗ ಇಮಾಮರು ಆ ಸರಕಿನ ಹಣವನ್ನೆಲ್ಲ ದಾನ ಮಾಡಿದರೆಂದು ಚರಿತ್ರೆಕಾರರು ಬರೆದಿದ್ದಾರೆ. ಇಂದಿನ ಮಾರಾಟಗಾರನ ಬಳಿ ಗಿರಾಕಿಯ ಆರ್ಡರ್ ಸಂಖ್ಯೆ ಇರುತ್ತದೆ. ಸರಕು ವಾಪಸು ಪಡೆಯಲು ಅವನಿಗೆ ಇಮಾಮರಿಗಿಂತ ಸುಲಭದ ದಾರಿಯಿದೆ.

ದೇಶದ ಕಾನೂನು ಕೂಡ ಈಗ ಇದೇ ಜಾಡಿನಲ್ಲಿದೆ. ಪೊಟ್ಟಣದೊಳಗಿನ ನಿವ್ವಳ ತೂಕ, ಗರಿಷ್ಠ ಮಾರಾಟ ಬೆಲೆ, ತಯಾರಕರ ವಿವರಗಳನ್ನು ಆನ್‌ಲೈನ್ ಮಾರಾಟದಲ್ಲೂ ತೋರಿಸಬೇಕು. ಮಸಾಲೆ, ಉಪ್ಪಿನಕಾಯಿ, ಹಲ್ವಾ ಮಾರುವವರಿಗೆ ಎಫ್‌ಎಸ್‌ಎಸ್‌ಎಐ ನೋಂದಣಿ ಬೇಕು. ಜಿಎಸ್‌ಟಿ ಸಂಖ್ಯೆ ಇಲ್ಲವೆಂದು ಹಿಂಜರಿಯುತ್ತಿದ್ದ ಸಣ್ಣ ಮಾರಾಟಗಾರರಿಗೆ 2023ರ ಅಕ್ಟೋಬರ್ 1ರಿಂದ ಒಂದು ರಿಯಾಯಿತಿ ಸಿಕ್ಕಿದೆ. ನಿಗದಿತ ವಹಿವಾಟು ಮಿತಿಯೊಳಗಿರುವವರು ಒಂದು ಗುರುತು ಸಂಖ್ಯೆ ಪಡೆದು, ತಮ್ಮ ರಾಜ್ಯದೊಳಗಿನ ಗಿರಾಕಿಗಳಿಗೆ ಇಂತಹ ತಾಣಗಳ ಮೂಲಕ ಸರಕು ಮಾರಬಹುದು. ಕುಮಟಾದ ಸಿಹಿ ಈರುಳ್ಳಿಯ ಜಡೆಯನ್ನೋ ಭಟ್ಕಳದ ಮಸಾಲೆಯನ್ನೋ ಬೆಂಗಳೂರಿಗೆ ಕಳುಹಿಸುವವರಿಗೆ ಮೊದಲ ಹೆಜ್ಜೆಯಾಗಿ ಇಷ್ಟು ಸಾಕು. ಹೊಸ ಮಾರಾಟಗಾರರು ಮೊದಲು ಹತ್ತು ಸರಕುಗಳನ್ನಷ್ಟೇ ಹಾಕಿ, ಅವು ಹೇಳಿದ ದಿನಕ್ಕೆ ಹೇಳಿದಂತೆಯೇ ತಲುಪುವುದನ್ನು ನೋಡಿಕೊಳ್ಳುವುದು ಒಳ್ಳೆಯದು. ನೂರು ಸರಕು ಹಾಕಿ, ತಮ್ಮ ಕೈಯಲ್ಲಿ ಇಲ್ಲದುದಕ್ಕೂ ಆರ್ಡರ್ ಪಡೆದು ಪರದಾಡುವವರನ್ನು ಕಾಣುತ್ತಿದ್ದೇವೆ. ತನ್ನ ಬಳಿ ಇಲ್ಲದ್ದನ್ನು ಮಾರಬೇಡವೆಂದು ಹಕೀಮ್ ಬಿನ್ ಹಿಝಾಮ್(ರ) ಅವರಿಗೆ ಪ್ರವಾದಿವರ್ಯರು(ಸ) ನೀಡಿದ ಆದೇಶವು ಅವರಿಗೂ ಅನ್ವಯಿಸುತ್ತದೆ.

ಇನ್ನೊಂದು ವಿಷಯ ಕೊಂಚ ಮುಜುಗರದ್ದು. ಹೊಸ ಅಂಗಡಿ ತೆರೆದ ವಾರದಲ್ಲೇ ಅಣ್ಣ, ಅತ್ತಿಗೆ, ದುಬೈಯಲ್ಲಿರುವ ಮಾವ ಎಲ್ಲರೂ ಐದೈದು ನಕ್ಷತ್ರ ಕೊಟ್ಟು, ಮುಟ್ಟಿಯೂ ನೋಡದ ಸರಕನ್ನು ಹೊಗಳುವ ರೂಢಿ ಬೆಳೆಯುತ್ತಿದೆ. ಸಹಾಯವೆಂದೇ ಅವರು ಇದನ್ನು ಮಾಡುತ್ತಾರೆ. 2020ರ ಜುಲೈನಲ್ಲಿ ಜಾರಿಗೆ ಬಂದ ಇ-ಕಾಮರ್ಸ್ ಗ್ರಾಹಕ ಸಂರಕ್ಷಣಾ ನಿಯಮಗಳ ಪ್ರಕಾರ ಮಾರಾಟಗಾರನು ಗ್ರಾಹಕನ ಸೋಗಿನಲ್ಲಿ ತನ್ನ ಸರಕಿಗೆ ವಿಮರ್ಶೆ ಬರೆಯುವಂತಿಲ್ಲ. ಹೇಳಿದ ಗುಣವಿಲ್ಲದ ಸರಕನ್ನು ವಾಪಸು ಪಡೆಯಲು ನಿರಾಕರಿಸುವಂತೆಯೂ ಇಲ್ಲ. ನಮ್ಮ ಫಿಕ್‌ಹ್ ಗ್ರಂಥಗಳಲ್ಲಿ ಇದಕ್ಕೆ ಹತ್ತಿರದ ಹೆಸರು ನಜಶ್. ಕೊಳ್ಳುವ ಉದ್ದೇಶವಿಲ್ಲದವನು ಗಿರಾಕಿಯಂತೆ ನಿಂತು ಬೆಲೆಯೇರಿಸುವುದು, ಸರಕನ್ನು ಹೊಗಳಿ ಇನ್ನೊಬ್ಬನನ್ನು ಮರುಳುಗೊಳಿಸುವುದು ನಜಶ್. ಪ್ರವಾದಿವರ್ಯರು(ಸ) ಅದನ್ನು ನಿಷೇಧಿಸಿದ್ದಾರೆ. ತಂಗಿಯ ಅಂಗಡಿಗೆ ನೆರವಾಗಬೇಕೆನ್ನುವ ಅಣ್ಣನು ಅವಳಿಂದ ಒಂದು ಬುರ್ಖಾ ಕೊಂಡು, ಮನೆಯವರು ಅದನ್ನು ನಾಲ್ಕು ಸಲ ಒಗೆದು ತೊಟ್ಟ ಬಳಿಕ, ತಾನು ಅವಳ ಅಣ್ಣನೆಂಬುದನ್ನು ಮೊದಲ ಸಾಲಿನಲ್ಲೇ ತಿಳಿಸಿ ಬಟ್ಟೆ ಹೇಗಿದೆಯೆಂದು ಬರೆಯಲಿ. ಬಣ್ಣ ಬಿಟ್ಟಿದ್ದರೆ ಅದನ್ನೂ ಬರೆಯಲಿ.