ಆಯಿಯ ಹನ್ನೆರಡು ರೂಪಾಯಿ



"ನಮ್ಮ ಕಾಲದಾಗ ಒಂದ್ ರೂಪಾಯಿಗೆ ಚೀಲ ತುಂಬ ಜ್ವಾಳಾ ಬರ್ತಿತ್ತು" ಎಂಬ ಮಾತನ್ನು ಉಮರ್ಗಾದ ಸಂತೆಯಲ್ಲೋ, ನಿಲಂಗಾದ ಬಸ್ ಸ್ಟ್ಯಾಂಡಿನಲ್ಲೋ, ಉದಗೀರದ ಮೋಂಢಾದಲ್ಲೋ ನೀವು ಕೇಳಿಯೇ ಇರುತ್ತೀರಿ. ಕೇಳಿದವರು ನಿಟ್ಟುಸಿರು ಬಿಡುತ್ತಾರೆ. ನಾನು ಮಾತ್ರ ಕೇಳುತ್ತೇನೆ: ಯಾವ ರೂಪಾಯಿ? ಬ್ಯಾಂಕಿನಲ್ಲಿ ಮೂವತ್ತೆಂಟು ವರ್ಷ ಗುಮಾಸ್ತನಾಗಿದ್ದವನ ಚಟ ಇದು, ಕ್ಷಮಿಸಿ.

ನನ್ನ ಅಪ್ಪ ಹುಟ್ಟಿದ್ದು 1934ರಲ್ಲಿ. ಆಗ ನಮ್ಮ ಈ ಮೂರೂ ತಾಲೂಕುಗಳು ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ನಿಲಂಗಾ, ಉದಗೀರ ಬೀದರ ಜಿಲ್ಲೆಗೆ ಸೇರಿದ್ದರೆ, ಉಮರ್ಗಾ ಉಸ್ಮಾನಾಬಾದ ಜಿಲ್ಲೆಗೆ. ಸಂಸ್ಥಾನಕ್ಕೆ ತನ್ನದೇ ನಾಣ್ಯ: ಹಾಲಿ ಸಿಕ್ಕಾ, ಮೇಲೆ ಚಾರ್‌ಮಿನಾರಿನ ಚಿತ್ರ. ಪಕ್ಕದ ಸೊಲ್ಲಾಪುರ ಇಂಗ್ರಜರದು, ಅಲ್ಲಿ ನಡೆಯುವುದು ಕಲ್ದಾರ್ ರೂಪಾಯಿ. ಏಳು ಹಾಲಿಗೆ ಆರು ಕಲ್ದಾರ್. ಸರ್ಕಾರಿ ಲೆಕ್ಕದಲ್ಲಿ ನೂರು ಕಲ್ದಾರಿಗೆ ನೂರಾ ಹದಿನಾರು ಹಾಲಿ ರೂಪಾಯಿ, ಹತ್ತು ಆಣೆ, ಎಂಟು ಪೈ. ಹಾಗಾಗಿ ಅಪ್ಪ ಹೇಳುವ ಧಾರಣೆ ಉಮರ್ಗಾದ್ದೋ ಸೊಲ್ಲಾಪುರದ್ದೋ ಎಂದು ಕೇಳದೆ ಲೆಕ್ಕ ಹಾಕಿದರೆ ತಪ್ಪಾಗುತ್ತದೆ. ಸೊಲ್ಲಾಪುರದ ಗಿರಣಿಯ ಸೀರೆ ತಂದರೆ ಗಡಿ ನಾಕಾದಲ್ಲಿ ಕರೋಡಗಿರಿ ಕಟ್ಟಬೇಕು, ಅದು ಬೇರೆ. ಬೈಲಗಾಡಿಯ ಹುಲ್ಲಿನಡಿ ಸೀರೆ ಮುಚ್ಚಿ ತಂದವರ ಕಥೆಗಳು ನಿಮ್ಮ ಮನೆಯಲ್ಲೂ ಇದ್ದಾವು!

1948ರ ಬೇಸಿಗೆಯಲ್ಲಿ ರಜಾಕಾರರ ಹೆದರಿಕೆಗೆ ನಮ್ಮವರು ಮನೆ ಬಿಟ್ಟು ಸೊಲ್ಲಾಪುರದ ಕಡೆ ಹೋದರು. ಅಪ್ಪನಿಗೆ ಹದಿನಾಲ್ಕು. ಅಲ್ಲಿಯ ಅಂಗಡಿಯವನು ಹಾಲಿ ರೂಪಾಯಿಯನ್ನು ತಿರುವಿ ತಿರುವಿ ನೋಡಿ, ಏಳಕ್ಕೆ ಆರರ ಬದಲು ಏಳಕ್ಕೆ ಐದರ ಲೆಕ್ಕದಲ್ಲಿ ಹಿಟ್ಟು ಕೊಟ್ಟನಂತೆ. ಹಸಿದವನಿಗೆ ಚೌಕಾಸಿ ಎಲ್ಲಿಂದ ಬರಬೇಕು? ಸಪ್ಟೆಂಬರಿನಲ್ಲಿ ಪೊಲೀಸ್ ಕಾರ್ಯಾಚರಣೆಯಾದ ಮೇಲೆ ಊರಿಗೆ ಮರಳಿದರು. ಮುಂದೆ ಹಾಲಿಯ ಜಾಗಕ್ಕೆ ಭಾರತದ ರೂಪಾಯಿ ಬಂತು. 1950ರ ದಶಕ ಮುಗಿಯುವ ಹೊತ್ತಿಗೆ ಚಾರ್‌ಮಿನಾರಿನ ನಾಣ್ಯ ಚಲಾವಣೆಯಿಂದ ಹೋಯಿತು.

ನಮ್ಮ ಆಯಿಯ ಹತ್ತಿರ ಹಿತ್ತಾಳೆಯ ಡಬ್ಬಿಯಲ್ಲಿ ಎಂಬತ್ತೈದು ಹಾಲಿ ಇದ್ದವು. ಮದುವೆಯಾದಾಗಿನಿಂದ ಬೆಣ್ಣೆ ಮಾರಿ ಕೂಡಿಟ್ಟದ್ದು. ಒಂದನ್ನು ಸೆರಗಿನಲ್ಲಿ ಕಟ್ಟಿಕೊಂಡು ಎಂಬತ್ತನಾಲ್ಕನ್ನು ಮುತ್ಯಾನ ಕೈಗೆ ಕೊಟ್ಟಳು. ಮುತ್ಯಾ ಬದಲಿಸಿಕೊಂಡು ಬಂದರು. ಎಣಿಸಿದರೆ ಎಪ್ಪತ್ತೆರಡು. ಅವತ್ತಿನಿಂದ ಆಯಿ ಸಾಯುವವರೆಗೂ ಮನೆಯಲ್ಲಿ ಒಂದೇ ತಕರಾರು: "ನನ್ನ ಹನ್ನೆರಡು ರೂಪಾಯಿ ಯಾರ ಹೊಟ್ಟ್ಯಾಗ ಹ್ವಾದ್ವು?" ಮುತ್ಯಾ ಮೊದಮೊದಲು ಲೆಕ್ಕ ಹೇಳಿದರು, ಆಮೇಲೆ ಸುಮ್ಮನಾದರು.

ಲೆಕ್ಕ ಅಲ್ಲಿಗೇ ನಿಲ್ಲಲಿಲ್ಲ. 1957ರ ಏಪ್ರಿಲ್ 1ಕ್ಕೆ ಆಣೆ ಹೋಗಿ ನಯಾ ಪೈಸೆ ಬಂತು; ಒಂದು ಆಣೆಗೆ ಆರೂ ಕಾಲು ಪೈಸೆ, ಆ ಕಾಲನ್ನು ಯಾರು ಬಿಡಬೇಕು ಎಂದು ಬಾಜಾರಿನಲ್ಲಿ ಜಗಳ. 1962ರಿಂದ ಸೇರು ಹೋಗಿ ಕಿಲೋ. ನಡುವೆ 1956ರಲ್ಲಿ ನಾವು ಮುಂಬಯಿ ರಾಜ್ಯದವರಾದೆವು, 1960ರಲ್ಲಿ ಮಹಾರಾಷ್ಟ್ರದವರು. ನಿಲಂಗಾ, ಉದಗೀರದವರು 1982ರಲ್ಲಿ ಲಾತೂರ ಜಿಲ್ಲೆಯವರು. ಮನೆ ಮಾತ್ರ ಇದ್ದಲ್ಲೇ ಇತ್ತು.

ರೂಪಾಯಿಯನ್ನು ನಂಬುವಂತಿಲ್ಲವಾದರೆ ಮತ್ತೆ ಯಾವುದರಿಂದ ಅಳೆಯಬೇಕು? ನಾನು ಜೋಳದಿಂದ ಅಳೆಯುತ್ತೇನೆ. ಅವ್ವ ಹುಡುಗಿಯಾಗಿದ್ದಾಗ ದಿನವಿಡೀ ಕಳೆ ತೆಗೆದರೆ ಎರಡು ಸೇರು ಜೋಳ ಕೊಡುತ್ತಿದ್ದರಂತೆ. ಎಂಬತ್ತು ತೊಲೆಯ ಸೇರು ಎಂದು ಹಿಡಿದರೆ ಎರಡು ಕಿಲೋಗೂ ಕಡಿಮೆ. 2025-26ರಲ್ಲಿ ಮಹಾರಾಷ್ಟ್ರದ ಉದ್ಯೋಗ ಖಾತ್ರಿ ಕೂಲಿ ದಿನಕ್ಕೆ 312 ರೂಪಾಯಿ, ಮಾಲದಂಡಿ ಜೋಳದ ಬೆಂಬಲ ಬೆಲೆ ಕ್ವಿಂಟಲಿಗೆ 3749. ಅಂದರೆ ಒಂದು ದಿನದ ಕೂಲಿಗೆ ಎಂಟು ಕಿಲೋ. ಅಂಗಡಿಯಲ್ಲಿ ಹೆಚ್ಚು ಕೊಡಬೇಕಾಗುತ್ತದೆ, ಆದರೂ ಅವ್ವನ ಎರಡು ಸೇರಿಗಿಂತ ಎಷ್ಟೋ ಪಾಲು ಮೇಲು. ಹೊಟ್ಟೆಯ ಮಟ್ಟಿಗೆ ಆ ಕಾಲ ಅಗ್ಗದ್ದಲ್ಲ ಕೇಳುಗರೇ, ತುಟ್ಟಿಯ ಕಾಲ.

ಆದರೆ ಆಗ ಮನೆಗೆ ರೂಪಾಯಿಯೇ ಬೇಕಾದದ್ದು ಕೆಲವಕ್ಕೆ ಮಾತ್ರ: ಉಪ್ಪು, ಅರಿವೆ, ಘಾಸಲೇಟ್ ಎಣ್ಣೆ, ಹೊಲದ ಸಾರಾ. ಬಡಿಗ, ಕುಂಬಾರ, ಕ್ಷೌರಿಕರಿಗೆ ಸುಗ್ಗಿಯಲ್ಲಿ ಬಲುತೆಯ ಕಾಳು. ಒಲೆಗೆ ಕುಳ್ಳು, ನೀರಿಗೆ ಬಾವಿ. (ಬಲುತೆ ಒಳ್ಳೆಯದಿತ್ತು ಎಂದು ನಾನು ಹೇಳುತ್ತಿಲ್ಲ, ಅದನ್ನು ಪಡೆಯುತ್ತಿದ್ದವರ ಮನೆಯಲ್ಲಿ ಕೇಳಿ ನೋಡಿ.) ಇಂದು ಗ್ಯಾಸು, ಕರೆಂಟು, ಮೊಬೈಲು, ಮಕ್ಕಳ ಟ್ಯೂಷನ್ನು, ಎಲ್ಲಕ್ಕೂ ನಗದೇ. ಜ್ವರ ಬಂದು ಲಾತೂರಿಗೋ ಸೊಲ್ಲಾಪುರಕ್ಕೋ ಹೋದರೆ ಒಂದು ವರ್ಷದ ಜೋಳ ಒಂದು ವಾರದಲ್ಲಿ ಕರಗುತ್ತದೆ. ಕೌಂಟರಿನಲ್ಲಿ ಬಂಗಾರ ಅಡವಿಡಲು ಬಂದವರಲ್ಲಿ ಊಟಕ್ಕಿಲ್ಲ ಎಂದು ಬಂದವರನ್ನು ನಾನು ಹೆಚ್ಚು ಕಾಣಲಿಲ್ಲ; ದವಾಖಾನೆ, ಫೀ, ಮದುವೆ ಎಂದು ಬಂದವರನ್ನು ದಿನಾಲೂ ಕಂಡೆ.

1982ರಲ್ಲಿ ನೌಕರಿ ಸೇರಿದಾಗ ಆಯಿ ಕೇಳಿದ ಮೊದಲ ಪ್ರಶ್ನೆ ಆ ಹನ್ನೆರಡು ರೂಪಾಯಿಯದೇ. ಕಾಗದ ತೆಗೆದು, ಎಂಬತ್ತನಾಲ್ಕನ್ನು ಏಳರಿಂದ ಭಾಗಿಸಿ, ಆರರಿಂದ ಗುಣಿಸಿ ತೋರಿಸಿದೆ. ಆಯಿ ಕಾಗದ ನೋಡಲಿಲ್ಲ. "ನಾ ಕೊಟ್ಟದ್ದು ಬೆಳ್ಳಿ, ಅವರು ಕೊಟ್ಟದ್ದು ಕಾಗದಾ" ಅಂದಳು. ಮುದುಕಿಯ ಮಾತು ಎಂದು ನಕ್ಕುಬಿಟ್ಟೆ.

ನಿವೃತ್ತಿಯ ನಂತರ ಹಳೆಯ ನಾಣ್ಯಗಳ ವಿಷಯ ಓದಿದೆ. 1940ಕ್ಕಿಂತ ಹಿಂದಿನ ಹಾಲಿ ರೂಪಾಯಿಯ ತೂಕ 11.18 ಗ್ರಾಂ, ನೂರಕ್ಕೆ ಸುಮಾರು 82 ಪಾಲು ಬೆಳ್ಳಿ. ಕಲ್ದಾರ್ 11.66 ಗ್ರಾಂ, ನೂರಕ್ಕೆ ಸುಮಾರು 92 ಪಾಲು. ಗುಣಿಸಿ ನೋಡಿ: ಏಳು ಹಾಲಿಯ ಬೆಳ್ಳಿಯೂ ಆರು ಕಲ್ದಾರಿನ ಬೆಳ್ಳಿಯೂ ಹೆಚ್ಚುಕಡಿಮೆ ಒಂದೇ. ದರ ನ್ಯಾಯವಾದದ್ದೇ. ಆದರೆ ಬದಲಿಸುವ ಹೊತ್ತಿಗೆ ಕಲ್ದಾರಿನಲ್ಲಿ ಬೆಳ್ಳಿಯೇ ಉಳಿದಿರಲಿಲ್ಲ. 1947ರಿಂದ ರೂಪಾಯಿ ನಿಕ್ಕಲಿನದು, ಇಲ್ಲವೆ ನೋಟು. ಆಯಿಯ ಡಬ್ಬಿಯಿಂದ ಮುಕ್ಕಾಲು ಕಿಲೋಗೂ ಮೇಲ್ಪಟ್ಟು ಬೆಳ್ಳಿ ಹೋಗಿತ್ತು. ಹೋದದ್ದು ಹನ್ನೆರಡಲ್ಲ.

ಇದನ್ನು ಹೇಳೋಣವೆಂದರೆ ಆಯಿ ಇಲ್ಲ, 1986ರಲ್ಲೇ ಹೋದಳು. ಸೆರಗಿನ ಆ ಒಂದು ಹಾಲಿ ದೇವರ ಜಗಲಿಯ ಮೇಲಿದೆ. ಹೋದ ದೀಪಾವಳಿಗೆ ಉದಗೀರದ ಅಕ್ಕಸಾಲಿಗನ ತಕ್ಕಡಿಗೆ ಹಾಕಿಸಿದೆ. ಹನ್ನೊಂದು ಗ್ರಾಂ ಬಂತು. ಸ್ವಲ್ಪ ಸವೆದಿದೆ. "ಕೊಡ್ತೀರೇನ್ರೀ ಸಾಹೇಬ್ರ?" ಅಂದ. ಇಲ್ಲ ಅಂದೆ.