ಟಿ.ಬಿ. ಬೋರ್ಡು, ನಮ್ಮ ಪಿಎಂಓ ಮತ್ತು ಮಾಮನ ಗದ್ದೆ

ನನ್ನ ಕೆಲಸ ಏನು ಅಂತ ಊರಲ್ಲಿ ಹೇಳೋದು ಯಾವಾಗಲೂ ಕಷ್ಟ. ಸಾಫ್ಟ್‌ವೇರ್ ಅಂದರೆ ಮೊಬೈಲ್ ಕೈಗೆ ಕೊಟ್ಟು "ಇದನ್ನೊಂಚೂರು ನೋಡಪ್ಪ" ಅಂತಾರೆ. ಈಗ ಕೋಡ್ ಬರೆಯೋದನ್ನೂ ಬಿಡಿಸಿ ನನ್ನನ್ನು ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಆಫೀಸಿಗೆ ಹಾಕಿದ್ದಾರೆ. ಇದನ್ನಂತೂ ಯಾರಿಗೂ ವಿವರಿಸೋಕಾಗಲ್ಲ :)

ಮೊನ್ನೆ ಬಳ್ಳಾರಿಗೆ ಹೋದವನು ಸಿರುಗುಪ್ಪ ಹತ್ತಿರ ಸೋದರಮಾವನ ಮನೆಗೂ ಹೋಗಿದ್ದೆ. ಹತ್ತು ನಿಮಿಷ ನನ್ನ ವಿವರಣೆ ಕೇಳಿದ ಮಾಮ ಅಂದರು: "ಅಂದ್ರ ನೀ ಕೆಲಸ ಮಾಡಂಗಿಲ್ಲ. ಮಾಡೋರ ಲೆಕ್ಕ ಇಡ್ತಿ. ಟೀಬಿ ಬೋರ್ಡ್ ಇದ್ದಂಗ ಅನ್ನು."

ನಗು ಬಂತು. ಆಮೇಲೆ ಬೆಂಗಳೂರಿನ ಬಸ್ಸಲ್ಲಿ ಕೂತು ಯೋಚಿಸಿದಾಗ, ಇದಕ್ಕಿಂತ ಸರಿಯಾದ ಹೋಲಿಕೆ ನಮ್ಮ ಟ್ರೈನಿಂಗಿನಲ್ಲೂ ಸಿಕ್ಕಿರಲಿಲ್ಲ ಅನ್ನಿಸಿತು.

ಕತೆ ಹಳೆಯದು. ತುಂಗಭದ್ರೆಗೆ ಅಣೆಕಟ್ಟು ಕಟ್ಟಬೇಕು ಅನ್ನೋ ಯೋಚನೆ 1860ರಷ್ಟು ಹಿಂದಿನದು, ಸರ್ ಆರ್ಥರ್ ಕಾಟನ್‌ನದು. 1876-78ರ ಬರದಲ್ಲಿ ಬಳ್ಳಾರಿ ಜಿಲ್ಲೆ ಪಟ್ಟ ಪಾಡು ಗೊತ್ತಿದ್ದವರಿಗೆ ಈ ಯೋಜನೆಯ ಗುರಿ ಏನು ಅಂತ ಬೇರೆ ಹೇಳಬೇಕಿಲ್ಲ. ಆದರೆ ನದಿಯ ಒಂದು ದಡ ಮದ್ರಾಸಿನದು, ಇನ್ನೊಂದು ನಿಜಾಮರದು. ಒಪ್ಪಂದ ಆಗೋ ಹೊತ್ತಿಗೆ 1944 ಬಂತು. 1945ರ ಫೆಬ್ರವರಿ 28ರಂದು ಶಂಕುಸ್ಥಾಪನೆ ಆಯ್ತು. ಅದೂ ಎರಡು! ಎಡದಂಡೆಯಲ್ಲಿ ಬೇರಾರ್‌ನ ಯುವರಾಜ, ಬಲದಂಡೆಯಲ್ಲಿ ಮದ್ರಾಸ್ ಗವರ್ನರ್ ಆರ್ಥರ್ ಹೋಪ್. ಎಡಭಾಗ ಹೈದರಾಬಾದಿನವರು ಕಟ್ಟಿದರು, ಬಲಭಾಗ ತಿರುಮಲೈ ಅಯ್ಯಂಗಾರರ ಮದ್ರಾಸ್ ತಂಡ ಕಟ್ಟಿತು. ಸಿಮೆಂಟಿನ ಬದಲು ಸುರ್ಕಿ ಗಾರೆ. ಎರಡು ತಂಡ ಸೇರಿ ಒಂದು ಮಾಡ್ಯೂಲ್ ಬರೆದ ಅನುಭವ ಇರೋರಿಗೆ ಇದು ಎಂಥ ಸಾಹಸ ಅಂತ ಅರ್ಥ ಆಗುತ್ತೆ.

1953ರಲ್ಲಿ ಕಾಲುವೆಗೆ ನೀರು ಬಂತು. ಅದೇ ವರ್ಷ ಅಕ್ಟೋಬರ್ 1ಕ್ಕೆ ಆಂಧ್ರ ರಾಜ್ಯವೂ ಹುಟ್ಟಿತು. ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಸಿರುಗುಪ್ಪ ಮೈಸೂರಿಗೆ ಬಂತು. ಬಳ್ಳಾರಿ ತಾಲ್ಲೂಕು ಯಾರಿಗೆ ಅನ್ನೋದಕ್ಕೆ ನ್ಯಾಯಮೂರ್ತಿ ಎಲ್.ಎಸ್. ಮಿಶ್ರಾ ವಿಚಾರಣೆ ನಡೆಸಿ ಮೈಸೂರಿಗೆ ಸೇರಲಿ ಅಂದರು. ಆ ಜಗಳದಲ್ಲಿ ಭಾಷೆಯಷ್ಟೇ ಡ್ಯಾಮಿನ ಮಾತೂ ಇತ್ತು. ಅಣೆಕಟ್ಟು ಒಂದು ರಾಜ್ಯದಲ್ಲಿ, ಅದರ ಕಾಲುವೆಯ ಕೊನೆ ಇನ್ನೊಂದರಲ್ಲಿ!

ಇದಕ್ಕೆ ಉತ್ತರವಾಗಿ ಬಂದದ್ದೇ ತುಂಗಭದ್ರಾ ಮಂಡಳಿ. ಆಂಧ್ರ ರಾಜ್ಯ ಕಾಯಿದೆಯ 66ನೇ ಸೆಕ್ಷನ್ನಿನಲ್ಲಿ ಅದರ ಬೇರಿದೆ. ಅಧ್ಯಕ್ಷರನ್ನು ನೇಮಿಸೋದು ಕೇಂದ್ರ, ಸದಸ್ಯರು ರಾಜ್ಯಗಳ ಕಡೆಯವರು, 2014ರ ನಂತರ ತೆಲಂಗಾಣವೂ ಸೇರಿದೆ. ಇಂಜಿನಿಯರುಗಳೂ ರಾಜ್ಯಗಳಿಂದಲೇ ಡೆಪ್ಯುಟೇಷನ್ ಮೇಲೆ ಬರುತ್ತಾರೆ. ಸ್ವಂತ ನೀರು ಒಂದು ಹನಿ ಇಲ್ಲ, ಯಾರ ಪಾಲು ಎಷ್ಟು ಅಂತ ತೀರ್ಮಾನಿಸೋ ಅಧಿಕಾರವೂ ಇಲ್ಲ. ಅದನ್ನು ಬಚಾವತ್ ನ್ಯಾಯಮಂಡಳಿ ಮಾಡಿದೆ: ಬಳಕೆಗೆ 212 ಟಿಎಂಸಿ, ಅದರಲ್ಲಿ ಕರ್ನಾಟಕಕ್ಕೆ 138.99, ಆಂಧ್ರಕ್ಕೆ 73.01 (ತೆಲಂಗಾಣದ ಪಾಲೂ ಆಗ ಇದರಲ್ಲೇ). ಮಂಡಳಿಯ ಕೆಲಸ ಜಲಾಶಯದ ನೀರು ಬಿಡೋದು, ಬಲದಂಡೆಯ ಎರಡು ಕಾಲುವೆಗಳನ್ನು ಗಡಿವರೆಗೆ ನೋಡಿಕೊಳ್ಳೋದು, ಅಳೆಯೋದು. ಕೆಳಮಟ್ಟದ ಕಾಲುವೆ ಸುಮಾರು 250 ಕಿ.ಮೀ., ಮೇಲ್ಮಟ್ಟದ್ದು ಸುಮಾರು 105. ಒಳಹರಿವಿನ ಅಂದಾಜು ಕಡಿಮೆಯಾದರೆ ಎಲ್ಲರ ಪಾಲನ್ನೂ ಅದೇ ಅನುಪಾತದಲ್ಲಿ ಇಳಿಸುತ್ತಾರೆ. ಹೂಳು ತುಂಬಿ 133 ಟಿಎಂಸಿಯ ಜಲಾಶಯ ಸುಮಾರು 105ಕ್ಕೆ ಇಳಿದ ಮೇಲಂತೂ ಈ ಲೆಕ್ಕ ಪ್ರತಿವರ್ಷದ ತಲೆನೋವು.

ಒಂದೇ ಕಾಲುವೆಯಲ್ಲಿ ಎರಡು ರಾಜ್ಯದ ನೀರು ಜೊತೆಗೆ ಹರಿದು, ಏಳು ದಶಕ ಈ ಏರ್ಪಾಡು ಮುರಿದುಬೀಳದೇ ಇರೋದಕ್ಕೆ ಆ ಲೆಕ್ಕದ ಪುಸ್ತಕ ಒಂದು ಮುಖ್ಯ ಕಾರಣ ಅಂತ ನನ್ನ ಅನಿಸಿಕೆ. ಪಿಎಂಓ ಬೈಯೋ ಗೆಳೆಯರು ಗಮನಿಸಿ :)

ಆದರೆ ಮಾಮ ಹೊಗಳಿ ಹೇಳಿದ್ದಲ್ಲ ಅದು.

ಮೂಲ ಗುರಿ ಕೆಲವರಿಗೆ ತುಂಬ ನೀರು ಕೊಡೋದಲ್ಲ, ಬಹಳ ಜನಕ್ಕೆ ಸ್ವಲ್ಪ ಸ್ವಲ್ಪ ಕೊಟ್ಟು ಬರದಿಂದ ಕಾಯೋದು. ಅದಕ್ಕೇ 'ಲೋಕಲೈಸೇಷನ್' ಅಂತ ಮಾಡಿದ್ದರು. ಯಾವ ಸರ್ವೆ ನಂಬರಿಗೆ ಭತ್ತ, ಯಾವುದಕ್ಕೆ ಜೋಳ-ಹತ್ತಿಯಂಥ ಅರೆನೀರಾವರಿ ಬೆಳೆ ಅಂತ ಮೊದಲೇ ಗುರುತು. ಕಾಗದದ ಮೇಲೆ ಬಹಳ ಚೆಂದ. ಆಮೇಲೆ ಕರಾವಳಿ ಆಂಧ್ರದಿಂದ ಬಂದವರು ಕ್ಯಾಂಪ್ ಕಟ್ಟಿದರು, ಭತ್ತದ ಲಾಭ ಎಲ್ಲರಿಗೂ ಕಂಡಿತು. ಕಾಲುವೆಯ ಮೇಲ್ಭಾಗದವರು ನಕಾಶೆ ಮರೆತರು. ಬೇರೆಯವರನ್ನ ಯಾಕೆ ಅನ್ನಲಿ, ಕುರುಗೋಡು ಕಡೆಯ ನಮ್ಮ ದೊಡ್ಡಪ್ಪನ ಹೊಲದಲ್ಲೂ ಭತ್ತವೇ! ನೀರು ಸಿರುಗುಪ್ಪದ ಕೊನೆಯ ಹೊಲಗಳಿಗೆ ಬರೋ ಹೊತ್ತಿಗೆ ಮಾಮನ ಪಾಲಿಗೆ ಉಳಿಯೋದು ರಾತ್ರಿ ಜಾಗರಣೆ.

ಮಂಡಳಿಯ ಲೆಕ್ಕದಲ್ಲಿ ತಪ್ಪಿಲ್ಲ ಅನ್ನೋದೇ ವಿಚಿತ್ರ. ಮುಖ್ಯ ಕಾಲುವೆಯಿಂದ ಇಷ್ಟು ಕ್ಯೂಸೆಕ್ ಬಿಟ್ಟಿದ್ದೇವೆ ಅಂತ ಅವರು ಬರೆದುಕೊಂಡಿರುತ್ತಾರೆ. ವಿತರಣಾ ಕಾಲುವೆ ದಾಟಿದ ಮೇಲೆ ಅದು ರಾಜ್ಯದ ನೀರಾವರಿ ಇಲಾಖೆಯ ಪಾಡು. ಯಾವ ಹೊಲದಲ್ಲಿ ಏನು ಬೆಳೆದಿದ್ದಾರೆ ಅನ್ನೋದು ಮಂಡಳಿಯ ಪುಸ್ತಕದ ಕಾಲಂ ಅಲ್ಲ. ನಮ್ಮ ಆಫೀಸಲ್ಲೂ ಎಲ್ಲ ಪ್ರಾಜೆಕ್ಟೂ ಡ್ಯಾಶ್‌ಬೋರ್ಡಿನಲ್ಲಿ ಹಸಿರು. ಗಿರಾಕಿಗೆ ಬೇಕಾದದ್ದು ಸಿಕ್ಕಿತಾ ಅಂತ ಕೇಳೋ ಕಾಲಂ ನಾನೂ ಇನ್ನೂ ಹಾಕಿಲ್ಲ.

2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾದದ್ದು ನಿಮಗೆಲ್ಲ ನೆನಪಿರಬೇಕು. ತುಂಬಿದ ಡ್ಯಾಮ್, 33 ಗೇಟು, ಒತ್ತಡ ಇಳಿಸೋಕೆ ಉಳಿದವನ್ನೂ ತೆರೆದು ನೀರು ನದಿಗೆ ಬಿಡಬೇಕಾಯ್ತು. ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ ಹರಿಯೋ ನೀರಿನಲ್ಲೇ ಸ್ಟಾಪ್‌ಲಾಗ್ ಇಳಿಸಿದರು. ವಾರದೊಳಗೆ ಮುಗಿಯಿತು. ಆಗ ಮಾತ್ರ ಯಾರ ಪಾಲು ಎಷ್ಟು ಅಂತ ಯಾರೂ ಕೇಳಲಿಲ್ಲವಂತೆ, ಮಾಮ ಹೇಳಿದ್ದು. ಆ ವಾರ ಅವರು ನಿದ್ದೆ ಮಾಡಿದ್ದೂ ಅಷ್ಟಕ್ಕಷ್ಟೇ. ಹಚ್ಚಿದ ಸಸಿ ಆಗಲೇ ಗದ್ದೆಯಲ್ಲಿತ್ತು.

ಹೊರಡುವಾಗ ಮಾಮ ಕಾಲುವೆ ಏರಿವರೆಗೂ ಬಂದರು. ನೀರು ಆದೋನಿ ಕಡೆ ಹೋಗ್ತಾ ಇತ್ತು. "ಇದು ಅವರ್ದು, ಮುಟ್ಟಂಗಿಲ್ಲ" ಅಂದರು. ಸ್ವಲ್ಪ ಹೊತ್ತು ನೋಡ್ತಾ ನಿಂತು, "ನಿಮ್ಮ ಆಫೀಸ್ನಾಗಾದ್ರೂ ಕೊನೀ ಹೊಲದವನ್ನ ಯಾರರ ಕೇಳ್ತಾರೇನಪ್ಪ?" ಅಂದರು. ಬಸ್ ಬಂತು ಅಂತ ಹೇಳಿ ಹತ್ತಿಬಿಟ್ಟೆ.