ತಗಡಿನೊಳಗಣ ಮರ

ಹಳೆಯ ಮೋಟಾರು ಗಾಡಿಗಳ ಪ್ರದರ್ಶನಕ್ಕೆ ಹೋದಾಗ ನಮ್ಮ ಕಣ್ಣನ್ನು ಮೊದಲು ಸೆಳೆಯುವುದು ಅವುಗಳ ಹೊಳಪು. ಹಿತ್ತಾಳೆಯ ದೀಪಗಳನ್ನೂ ಕನ್ನಡಿಯಂತೆ ಮಿರುಗುವ ಬಣ್ಣವನ್ನೂ ನೋಡಿ ಮೆಚ್ಚುತ್ತೇವೆ. ಬಳಿಕ ಯಂತ್ರದ ಕಡೆಗೆ ತಿರುಗುತ್ತೇವೆ. ಆದರೆ ತಗಡಿನ ಹೊದಿಕೆಯ ಒಳಗೆ, ಯಾರ ದೃಷ್ಟಿಗೂ ಬೀಳದೆ ನಿಂತಿರುವ ಮರದ ಹಂದರವೊಂದುಂಟು. 1920ರ ದಶಕದವರೆಗಿನ ಗಾಡಿಗಳಲ್ಲಿ ಹೆಚ್ಚಿನವು ಹೊರಗೆ ಲೋಹ, ಒಳಗೆ ಮರ. ಆ ಮರ ಕೊಳೆತಾಗ ಅದನ್ನು ಮತ್ತೆ ಕಟ್ಟುವುದು ಹೇಗೆ, ಹಾಗೆ ಕಟ್ಟುವಾಗ ಉಳಿಯುವುದೇನು, ಅಳಿಯುವುದೇನು ಎಂಬುದನ್ನು ಈ ಹೊತ್ತು ವಿಚಾರಮಾಡೋಣ.

ಮೋಟಾರು ಗಾಡಿ ಹುಟ್ಟಿದಾಗ ಅದಕ್ಕೆ ಯಂತ್ರವನ್ನು ಕೊಟ್ಟವನು ಇಂಜಿನಿಯರನಾದರೆ, ಮೈಯನ್ನು ಕೊಟ್ಟವನು ಸಾರೋಟು ಕಟ್ಟುವ ಬಡಗಿ. ಲಂಡನ್ನಿನ ಬಾರ್ಕರ್, ಹೂಪರ್ ಮೊದಲಾದ ಕಾರ್ಖಾನೆಗಳು ಕುದುರೆಯ ಸಾರೋಟುಗಳನ್ನು ಮಾಡಿ ಹೆಸರಾಗಿದ್ದಂಥವು. ರೋಲ್ಸ್ ರಾಯ್ಸ್ ಸಂಸ್ಥೆಯು ಎರಡನೆಯ ಮಹಾಯುದ್ಧಕ್ಕೆ ಮುಂಚೆ ಯಂತ್ರ, ಗಾಲಿಗಳುಳ್ಳ ಅಡಿಗಟ್ಟನ್ನು ಮಾತ್ರ ಮಾಡಿ ಮಾರುತ್ತಿತ್ತು; ಕೊಂಡವರು ಅದನ್ನು ತಮಗೊಪ್ಪಿದ ಮೈಗಟ್ಟುವವನ ಬಳಿಗೆ ಕಳುಹಿಸಬೇಕಾಗಿತ್ತು. ಅಮೆರಿಕದಲ್ಲಿಯೂ ಇದೇ ಪರಂಪರೆ. 1908ರಲ್ಲಿ ಡೆಟ್ರಾಯಿಟ್ ನಗರದಲ್ಲಿ ಮೋಟಾರಿನ ಮೈಕಟ್ಟುವ ಕಾರ್ಖಾನೆಯನ್ನು ತೆರೆದ ಫಿಷರ್ ಸೋದರರು ಸಾರೋಟಿನ ಕಸುಬಿನ ಮನೆತನದವರು.

ಈ ಕಸುಬಿನವರು ಬಹುವಾಗಿ ನೆಚ್ಚಿದ್ದ ಮರ ಆಶ್. ಹಳೆಯ ಟೆನಿಸ್ ರಾಕೆಟ್ಟಿನ ಚೌಕಟ್ಟನ್ನೂ ಇಂಗ್ಲೆಂಡಿನ ಕೊಡಲಿಯ ಕಾವನ್ನೂ ಮಾಡುತ್ತಿದ್ದುದು ಇದರಿಂದಲೇ. ಪೆಟ್ಟನ್ನು ತಾಳಿಕೊಳ್ಳುವ ಗುಣ ಇದಕ್ಕೆ ವಿಶೇಷವಾಗಿ ಉಂಟು. ಹಬೆಯಲ್ಲಿ ಬೇಯಿಸಿದರೆ ಮುರಿಯದೆ ಬಾಗುತ್ತದೆ. ತಿರುಪುಮೊಳೆಯನ್ನು ಬಿಗಿಯಾಗಿ ಹಿಡಿಯುತ್ತದೆ. ಆ ಕಾಲದ ಅಡಿಗಟ್ಟು ಹಳ್ಳದಿಣ್ಣೆಯ ದಾರಿಯಲ್ಲಿ ತಿರುಚಿಕೊಳ್ಳುತ್ತಿತ್ತು. ಅದರ ಮೇಲೆ ಕುಳಿತ ಮೈ ಸ್ವಲ್ಪವೂ ಮಣಿಯದಿದ್ದರೆ ಬಿರಿಯುವುದು ನಿಶ್ಚಯ. ಆಶ್ ಮರ ಮಣಿಯುತ್ತಿತ್ತು, ಮತ್ತೆ ತನ್ನ ನೆಲೆಗೆ ಬರುತ್ತಿತ್ತು.

ಹಾಗಾದರೆ ಉಕ್ಕು ಗೆದ್ದುದೇಕೆ? ಬರಿಯ ಬಲದಿಂದಲ್ಲ, ವೇಗದಿಂದ. ಫಿಲಡೆಲ್ಫಿಯದ ಎಡ್ವರ್ಡ್ ಬಡ್ ಎಂಬುವರು 1912ರಲ್ಲಿ ಸ್ಥಾಪಿಸಿದ ಸಂಸ್ಥೆ ಅಚ್ಚಿನಲ್ಲಿ ಒತ್ತಿದ ಉಕ್ಕಿನ ಭಾಗಗಳನ್ನು ಬೆಸೆದು ಮೈಯನ್ನು ಮಾಡಿತು. ಡಾಜ್ ಸೋದರರ ಗಾಡಿಗಳು 1914ರಿಂದಲೇ ಅಂತಹ ಮೈಯನ್ನು ಹೊತ್ತವು. ಉಕ್ಕಿನ ಮೈಯನ್ನು ಕಾದ ಒಲೆಗೆ ನೂಕಿ ಬಣ್ಣವನ್ನು ಬೇಗ ಒಣಗಿಸಬಹುದು. ಮರವಿದ್ದರೆ ಅಷ್ಟು ಕಾವು ಸಲ್ಲದು. ವಾರ್ನಿಷಿನ ಪದರಗಳು ಒಂದೊಂದಾಗಿ ಒಣಗುವವರೆಗೆ ವಾರಗಟ್ಟಲೆ ಕಾಯಬೇಕು. ಆದರೂ ಮರ ಒಮ್ಮೆಗೇ ಸೋಲಲಿಲ್ಲ. ಅಗಲವಾದ ತಗಡನ್ನು ಒತ್ತುವ ಸಾಧನವಿಲ್ಲದುದರಿಂದ ಮುಚ್ಚುಗಾಡಿಗಳ ಮಾಡು ಬಹುಕಾಲ ಮರದ ಕಮಾನು, ಬಟ್ಟೆಯ ಹೊದಿಕೆಯಾಗಿಯೇ ಉಳಿಯಿತು. ಜನರಲ್ ಮೋಟಾರ್ಸ್ ಸಂಸ್ಥೆಯ 1935ರ ಮಾದರಿಗಳಲ್ಲಿ ಇಡಿಯ ಉಕ್ಕಿನ ಮಾಡು ಬಂದ ಮೇಲೆ ಮರದ ಕಾಲ ಬೇಗನೆ ಮುಗಿಯುತ್ತ ಬಂದಿತು. 1946ರ ಬೆಂಟ್ಲಿಯು ಕಾರ್ಖಾನೆಯಲ್ಲಿಯೇ ಸಿದ್ಧವಾದ ಉಕ್ಕಿನ ಮೈಯೊಡನೆ ಹೊರಬಂದಿತು.

ಆಶ್ ಮರದ ದೊಡ್ಡ ದೋಷವೆಂದರೆ ಅದಕ್ಕೆ ನೀರು ಆಗದು. ಕಿಟಕಿಯ ಅಂಚಿನಿಂದ ಇಳಿದ ಮಳೆಹನಿ ಬಾಗಿಲ ಕಂಬದ ಬುಡದಲ್ಲಿ ನಿಲ್ಲುತ್ತದೆ. ಅಲ್ಲಿಂದ ತಳತೊಲೆಗೆ ಹಬ್ಬುತ್ತದೆ. ಮೊಳೆಗಳಿಗೆ ತುಕ್ಕು, ಮರಕ್ಕೆ ಬೂಷ್ಟು. ಹೊರಗೆ ಬಣ್ಣ ಮಾಸದೆ ಇರುತ್ತದೆ. ಆದರೆ ಬಾಗಿಲು ಜೋತುಬೀಳುತ್ತದೆ. ಬಾಗಿಲು ಸರಿಯಾಗಿ ಮುಚ್ಚದಿರುವುದೇ ಅನೇಕ ವೇಳೆ ಒಳಗಣ ರೋಗದ ಮೊದಲ ಸುದ್ದಿ.

ಜೀರ್ಣೋದ್ಧಾರಕ್ಕೆ ಕೈಹಾಕುವವನು ತಗಡನ್ನು ಕೀಳುವುದಕ್ಕೆ ಮೊದಲೇ ಬಾಗಿಲ ತೆರವುಗಳಿಗೆ ಅಡ್ಡಲಾಗಿಯೂ ಮೂಲೆಯಿಂದ ಮೂಲೆಗೂ ಆಸರೆಯ ಪಟ್ಟಿಗಳನ್ನು ಬಿಗಿಯಬೇಕು. ಇಲ್ಲವಾದರೆ ಮೈ ಕುಸಿದು, ಮೂಲದ ಆಕಾರ ಎಂದೆಂದಿಗೂ ತಪ್ಪಿಹೋಗುತ್ತದೆ. ಅನಂತರ ಅಳತೆ. ಎಡಬಲಗಳು ಒಂದೇ ಎಂದು ನಂಬುವಂತಿಲ್ಲ. ಕೈಯಿಂದ ಕಟ್ಟಿದ ಮೈಯಲ್ಲಿ ಎಡದ ಬಾಗಿಲು ಬಲದ ಬಾಗಿಲಿನ ಪಡಿಯಚ್ಚಾಗಿರುವುದಿಲ್ಲ. ಬಾಗಿಲ ಕಂಬವಂತೂ ಎರಡು ದಿಕ್ಕಿನಲ್ಲಿ ಬಾಗಿರುತ್ತದೆ: ಮೇಲಿನಿಂದ ಕೆಳಕ್ಕೆ ಒಳಮುಖವಾಗಿ, ಮುಂದಿನಿಂದ ಹಿಂದಕ್ಕೆ ಪಕ್ಕದ ಬಳುಕಿಗೆ ತಕ್ಕಂತೆ. ಇಂತಹ ತುಂಡನ್ನು ಕೊಯ್ಯುವಾಗ ಮರದ ಎಳೆ ಬಾಗಿನ ಉದ್ದಕ್ಕೂ ಸಾಗುವಂತೆ ಹಲಗೆಯನ್ನು ಆರಿಸಬೇಕು. ಎಳೆ ಅಡ್ಡ ಬಂದರೆ ಅಲ್ಲಿಯೇ ಸೀಳುತ್ತದೆ. ಒಂದಂಗುಲ ದಪ್ಪಕ್ಕೆ ಸುಮಾರು ಒಂದು ವರ್ಷ ಗಾಳಿಯಲ್ಲಿ ಒಣಗಿಸಬೇಕೆಂಬುದು ಬಡಗಿಗಳ ಹಳೆಯ ಲೆಕ್ಕ. ಕೀಲುಗಳನ್ನು ಕೂಡಿಸಿ, ಬಾಗಿಲನ್ನು ತೂಗಿ, ಅಡಿಗಟ್ಟಿನ ಮೇಲೆ ಕೂರಿಸಿ ನೋಡಿದಲ್ಲದೆ ತಗಡನ್ನು ಹೊದಿಸಲಾಗದು.

ಇಷ್ಟಕ್ಕೆಲ್ಲ ಆಧಾರವಾವುದು? ಮೈಕಟ್ಟುವವರು ಗೋಡೆಯ ಕರಿಹಲಗೆಯ ಮೇಲೆ ನಿಜಗಾತ್ರದ ಚಿತ್ರವನ್ನು ಬರೆದು ಅದರಿಂದ ಅಳತೆ ತೆಗೆಯುತ್ತಿದ್ದರು. ಅಂತಹ ಚಿತ್ರಗಳು ಉಳಿದಿರುವುದು ವಿರಳ. ಆದಕಾರಣ ಕೊಳೆತ ಮರವೇ ಇಲ್ಲಿ ದಾಖಲೆ. ಅರ್ಧ ಪುಡಿಯಾದ ಕಂಬದಲ್ಲಿಯೂ ಕೀಲಿನ ಆಳ, ಮೊಳೆಯ ತೂತು, ಬಡಗಿಯ ಸೀಸದ ಗುರುತು ಉಳಿದಿರಬಹುದು. ಶಾಸನವನ್ನು ಓದುವವನು ಸವೆದ ಅಕ್ಷರದ ಮೇಲೆ ಬೆರಳಾಡಿಸುವಂತೆ, ಇಲ್ಲಿ ಬಡಗಿ ತೂತುಗಳನ್ನು ಓದಬೇಕಾಗುತ್ತದೆ. ಹಳೆಯದನ್ನು ಕಸವೆಂದು ಸುಟ್ಟು ಹೊಸದನ್ನು ಊಹೆಯಿಂದ ಕಟ್ಟಿದವನು ಗಾಡಿಯನ್ನು ಉಳಿಸಿರಬಹುದು. ಅದರ ಇತಿಹಾಸವನ್ನು ಉಳಿಸಿಲ್ಲ.

ಹಂದರವೆಲ್ಲ ಹೊಸದಾದ ಮೇಲೆ ಅದು ಹಳೆಯ ಗಾಡಿಯೇ ಎಂದು ಕೇಳುವವರುಂಟು. ಈ ಪ್ರಶ್ನೆಗೆ ಹೌದು ಅಥವಾ ಅಲ್ಲ ಎಂಬ ಒಂದೇ ಮಾತಿನ ಉತ್ತರ ಸಾಲದು. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವು 2012ರಲ್ಲಿ ಅಂಗೀಕರಿಸಿದ ಟ್ಯೂರಿನ್ ಸನ್ನದಿನ ನಿಲುವು ನಮಗೆ ಯುಕ್ತವಾಗಿ ತೋರುತ್ತದೆ: ಉಳಿಸಬಹುದಾದುದನ್ನು ಉಳಿಸಬೇಕು, ಬದಲಿಸಿದುದನ್ನು ಗುರುತು ಹಾಕಿ ತಿಳಿಸಬೇಕು. ತೊಲೆಯ ತುದಿ ಮಾತ್ರ ಕೊಳೆತಿದ್ದರೆ ತುದಿಯನ್ನು ಮಾತ್ರ ಕೊಯ್ದು ಓರೆಗೀಲಿನಿಂದ ಹೊಸ ಮರವನ್ನು ಹೊಂದಿಸಬಹುದು. ಇದು ಹೆಚ್ಚು ಶ್ರಮದ ಕೆಲಸ. ಆದರೆ ಪ್ರಾಮಾಣಿಕವಾದ ಕೆಲಸ.

ಈಗ ಆ ಮರಕ್ಕೇ ಕುತ್ತು ಬಂದಿದೆ. 1992ರಲ್ಲಿ ಪೋಲೆಂಡಿನಲ್ಲಿ ಮೊದಲು ವರದಿಯಾದ ಬೂಷ್ಟುರೋಗವೊಂದು ಯೂರೋಪಿನ ಆಶ್ ವನಗಳನ್ನು ಒಣಗಿಸುತ್ತ ನಡೆದು, 2012ರಲ್ಲಿ ಬ್ರಿಟನ್ನಿನಲ್ಲಿ ಕಾಣಿಸಿಕೊಂಡಿತು. ಏಷ್ಯದಿಂದ ಬಂದ ಹಸುರು ಕೊರಕಹುಳು ಅಮೆರಿಕದ ಆಶ್ ಮರಗಳನ್ನು ಕೋಟಿಗಟ್ಟಲೆ ಕೊಂದಿದೆ. 2002ರಲ್ಲಿ ಅದು ಮೊದಲು ಪತ್ತೆಯಾದುದು, ಫಿಷರ್ ಸೋದರರು ಮೈಕಟ್ಟುತ್ತಿದ್ದ ಅದೇ ಡೆಟ್ರಾಯಿಟ್ಟಿನ ಆಸುಪಾಸಿನಲ್ಲಿ. ಇಂಗ್ಲೆಂಡಿನ ಮಾಲ್ವರ್ನ್ ಊರಿನ ಮಾರ್ಗನ್ ಕಾರ್ಖಾನೆಯಲ್ಲಿ ಇಂದಿಗೂ ಆಶ್ ಮರದ ಹಂದರದ ಗಾಡಿಗಳನ್ನು ಕಟ್ಟುತ್ತಾರೆ. ಆ ಕಸುಬು ಸತ್ತಿಲ್ಲ. ಕಸುಬು ಉಳಿದು ಮರ ಅಳಿಯುವ ಕಾಲ ಬಾರದಿರಲಿ.

ಮುಂದೆ ಎಂದಾದರೂ ಹಳೆಯ ಗಾಡಿಯೊಂದನ್ನು ಕಂಡರೆ, ಬಣ್ಣವನ್ನು ಮೆಚ್ಚುವ ಮುನ್ನ ಅದರ ಬಾಗಿಲನ್ನು ಮುಚ್ಚುವ ಸದ್ದನ್ನು ಕೇಳಿರಿ. ಅದು ಒಂದೇ ಸದ್ದಿನಲ್ಲಿ ಮೆಲ್ಲನೆ ಕೂಡಿಕೊಂಡರೆ, ಹೆಸರು ಉಳಿಯದ ಬಡಗಿಯೊಬ್ಬನ ಕೈ ಆ ತಗಡಿನೊಳಗೆ ಇನ್ನೂ ಕೆಲಸಮಾಡುತ್ತಿದೆಯೆಂದು ತಿಳಿಯಬಹುದು.